ಅತ್ತೆಯ ತೆಳು ಚರ್ಮಕ್ಕೆ ಯಾವ ಎಣ್ಣೆ: ಎಡಗೈ, ಬಲಗೈ ಹೋಲಿಕೆ

ನಮ್ಮತ್ತೆಗೆ ಈಗ 79. ಕೈಯ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಬಾಗಿಲ ಚಿಲಕ ತಾಗಿದರೂ ಸಾಕು, ಕಿತ್ತು ಬರುತ್ತದೆ. ಉಬ್ಬಸಕ್ಕೆ ಅಂತ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದಾರೆ. ಹೃದಯಕ್ಕೆ ಅಂತ ಆಸ್ಪಿರಿನ್ ಬೇರೆ. ಮೊದಲನೆಯದು ಚರ್ಮವನ್ನು ತೆಳು ಮಾಡುತ್ತದೆ, ಎರಡನೆಯದು ರಕ್ತ ಬೇಗ ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಗಾಗಿ ಮೊಣಕೈಯಿಂದ ಕೆಳಗೆ ಸದಾ ಒಂದಲ್ಲ ಒಂದು ನೇರಳೆ ಕಲೆ. ಇಷ್ಟಿದ್ದರೂ ಅಡಿಕೆ ಕೊಯ್ಲು ಶುರುವಾದರೆ ಸುಲಿಯುವವರ ಸಾಲಿನಲ್ಲಿ ತಾವೂ ಹೋಗಿ ಕೂರುತ್ತಾರೆ. ಬೇಡ ಅಂದರೆ ಕೇಳುವ ಜನ ಅಲ್ಲ.

ಕಳೆದ ಆಷಾಢದಲ್ಲಿ ಬೆಂಗಳೂರಿನ ನಾದಿನಿ ಒಂದು ಡಬ್ಬಿ ಕಳಿಸಿದಳು. ಒಳಗೆ ಬೆರಳುದ್ದದ ಕಂದು ಬಾಟಲಿಗಳು. ಲ್ಯಾವೆಂಡರ್, ಟೀ ಟ್ರೀ, ಹೆಲಿಕ್ರೈಸಂ. 'ಎಲ್ಲಾ ಎಸೆನ್ಷಿಯಲ್ ಆಯಿಲ್, ಗಾಯ ಮಾಯಿಸುತ್ತೆ, ಅಮ್ಮನಿಗೆ ಹಚ್ಚಿ ಅತ್ತಿಗೆ' ಅಂತ ಚೀಟಿ. ಅತ್ತೆ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದು, "ಎಂತದೇ ಇದು, ಕಣ್ಣಿಗೆ ಬಿಡೋ ಮದ್ದಿನ ಹಾಗಿದೆ" ಅಂದರು. ಅಲ್ಲಿಂದ ದೀಪಾವಳಿವರೆಗೆ ನಾನು ಇವುಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ. ಜೊತೆಗೆ ನಮ್ಮ ಮನೆಯದೇ ತೆಂಗಿನೆಣ್ಣೆ, ಮುರುಗಲ (ಕೋಕಂ) ತುಪ್ಪ, ವ್ಯಾಸಲೀನ್.

ಹಚ್ಚುವ ಮೊದಲು ಒಂದು ಲೆಕ್ಕ ಗೊತ್ತಿರಬೇಕು. ಹೆಸರಲ್ಲಿ ಎಣ್ಣೆ ಅಂತ ಇದ್ದರೂ ಈ ಎಸೆನ್ಷಿಯಲ್ ಆಯಿಲ್ ತೆಂಗಿನೆಣ್ಣೆಯಂಥ ಎಣ್ಣೆ ಅಲ್ಲ. ಹೂವು, ಎಲೆಗೆ ಹಬೆ ಹಾಯಿಸಿ ಭಟ್ಟಿ ಇಳಿಸಿದ ಘಾಟು ಸಾರ. ಜಿಡ್ಡಿಲ್ಲ, ಗಾಳಿಗೆ ಆರಿ ಹೋಗುತ್ತದೆ. ಹಾಗೇ ಹಚ್ಚಿದರೆ ಗಟ್ಟಿ ಚರ್ಮದವರಿಗೂ ಉರಿಯಬಹುದು. ಯಾವುದಾದರೂ ಜಿಡ್ಡಿನಲ್ಲಿ ಬೆರೆಸಲೇಬೇಕು. ನೀರಿನಲ್ಲಿ ಇದು ಬೆರೆಯುವುದಿಲ್ಲ, ತೇಲುತ್ತದೆ. ಹಾಗಾಗಿ ಸ್ನಾನದ ಬಕೆಟ್ಟಿಗೆ ನಾಲ್ಕು ಹನಿ ಬಿಟ್ಟುಕೊಳ್ಳುವುದೂ ಹಸಿ ಎಣ್ಣೆ ಮೈಗೆ ಸುರಿದುಕೊಂಡ ಹಾಗೇ. ಟೀ ಚಮಚ ಅಂದರೆ ಸುಮಾರು 5 ಮಿಲಿ. ಈ ಎಣ್ಣೆ ಒಂದು ಮಿಲಿಗೆ ಹೆಚ್ಚುಕಮ್ಮಿ 20 ಹನಿ. ಅಲ್ಲಿಗೆ ಒಂದು ಚಮಚ ತೆಂಗಿನೆಣ್ಣೆಗೆ ಒಂದು ಹನಿ ಹಾಕಿದರೆ 1 ಪರ್ಸೆಂಟ್. ಅತ್ತೆಯಂಥ ಚರ್ಮಕ್ಕೆ ನಾನು ಎರಡು ಚಮಚಕ್ಕೆ ಒಂದು ಹನಿ, ಅಂದರೆ ಅರ್ಧ ಪರ್ಸೆಂಟ್, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಈ ಬುದ್ಧಿ ನನಗೆ ಬಂದದ್ದು ಟೀ ಟ್ರೀಯಿಂದ ಪೆಟ್ಟು ತಿಂದ ಮೇಲೆ.

ಟೀ ಟ್ರೀಯನ್ನೇ ಮೊದಲು ಹೇಳಿ ಮುಗಿಸುತ್ತೇನೆ. ಆಸ್ಟ್ರೇಲಿಯಾದ ಗಿಡ, ನಮ್ಮ ಚಹಾ ಗಿಡಕ್ಕೂ ಅದಕ್ಕೂ ಸಂಬಂಧ ಇಲ್ಲ. ಸೂಕ್ಷ್ಮಾಣು ಕೊಲ್ಲುವ ಗುಣ ನಿಜಕ್ಕೂ ಇದೆ, ಟರ್ಪಿನೆನ್-4-ಓಲ್ ಅನ್ನುವ ಅಂಶದಿಂದ. ನಮ್ಮ ಕಡೆ ಮಳೆಗಾಲದಲ್ಲಿ ಉಂಬಳ ಕಚ್ಚಿದ ಜಾಗ ತುರಿಸಿ ತುರಿಸಿ ಕೀವಾಗುತ್ತದಲ್ಲ, ಅದಕ್ಕೆ ಒಳ್ಳೆಯದಾದೀತು ಅಂತ ನನ್ನ ಆಸೆ. ಒಂದು ಚಮಚಕ್ಕೆ ಮೂರು ಹನಿ ಹಾಕಿ ಅತ್ತೆಯ ಮುಂಗೈಗೆ ಸವರಿದೆ. ಮಾರನೇ ದಿನ ಬೆಳಿಗ್ಗೆ ಹಚ್ಚಿದಷ್ಟು ಜಾಗ ಕೆಂಪಗೆ, ಗಡಿ ಎಳೆದ ಹಾಗೆ. ನಾಲ್ಕು ದಿನ ಬೇಕಾಯಿತು ಇಳಿಯಲು. ತಪ್ಪು ಬಾಟಲಿಯದಲ್ಲ, ನನ್ನದು. ಆಮೇಲೆ ತಿಳಿದದ್ದು, ಬೆಕ್ಕಿಗೆ ಇದು ವಿಷ. ಅತ್ತೆಯ ಮಡಿಲಲ್ಲೇ ಮಲಗಿ ಕೈ ನೆಕ್ಕುವ ಬೆಕ್ಕು ಮನೆಯಲ್ಲಿರುವಾಗ ಈ ಬಾಟಲಿಗೆ ಜಾಗ ಎಲ್ಲಿ? ಮನುಷ್ಯರ ಹೊಟ್ಟೆಗೆ ಹೋದರೂ ಅಪಾಯವೇ. ಈಗ ಅದು ಅಟ್ಟದ ಮೇಲಿದೆ.

ಲ್ಯಾವೆಂಡರಿನ ವಿಷಯ ಉದ್ದ. ಇದರ ಬಗ್ಗೆ ಒಂದು ಕಥೆಯನ್ನು ಎಲ್ಲರೂ ಹೇಳುತ್ತಾರೆ. ಫ್ರಾನ್ಸಿನ ರೆನೆ-ಮಾರಿಸ್ ಗಾಟ್‌ಫೋಸೆ ಎಂಬ ರಸಾಯನಶಾಸ್ತ್ರಜ್ಞ 1910ರಲ್ಲಿ ಲ್ಯಾಬಿನಲ್ಲಿ ಕೈ ಸುಟ್ಟುಕೊಂಡ, ಲ್ಯಾವೆಂಡರ್ ಎಣ್ಣೆಯಿಂದ ಗುಣವಾಯಿತು ಅಂತ. ಇರಬಹುದು. ಆದರೆ ಅವನಿಗಾಗ ಮೂವತ್ತರ ಹತ್ತಿರದ ವಯಸ್ಸು. ಆ ಕೈಗೂ ನಮ್ಮತ್ತೆಯ ಕೈಗೂ ಹೋಲಿಕೆ ಎಲ್ಲಿಯದು?

ಅದಕ್ಕೇ ಅತ್ತೆಯ ಎರಡು ಕೈಗಳನ್ನೇ ಒಂದಕ್ಕೊಂದು ಹೋಲಿಸಿದೆ. ಎಡಗೈಗೆ ಬರೀ ತೆಂಗಿನೆಣ್ಣೆ. ಬಲಗೈಗೆ ಅದೇ ತೆಂಗಿನೆಣ್ಣೆ, ಅರ್ಧ ಪರ್ಸೆಂಟ್ ಲ್ಯಾವೆಂಡರ್ ಸೇರಿಸಿದ್ದು. ಬೆಳಿಗ್ಗೆ ಸ್ನಾನವಾದ ಕೂಡಲೇ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ. ಶುರು ಮಾಡುವ ಮೊದಲು ಮೊಣಕೈ ಒಳಮಡಿಕೆಯಲ್ಲಿ ಕಡಲೆಕಾಳಿನಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ಕಾದೆ. ಅಲರ್ಜಿ ಕೆಲವೊಮ್ಮೆ ಹಚ್ಚಿದ ಗಳಿಗೆಯಲ್ಲಿ ಅಲ್ಲ, 48 ಗಂಟೆ ಕಳೆದು ಕಾಣಿಸಿಕೊಳ್ಳುತ್ತದೆ.

ಮೂರು ವಾರ ಹಚ್ಚಿದೆ. ಎರಡೂ ಕೈಯ ಬಿಳಿ ಹೊಟ್ಟು ಹೋಯಿತು. ಎರಡೂ ಕೈ ಮೆತ್ತಗಾಯಿತು. ಬೆಳಕಿನಲ್ಲಿ ಹಿಡಿದು ನೋಡಿದರೂ, ಕಣ್ಣು ಮುಚ್ಚಿ ಸವರಿ ನೋಡಿದರೂ ನನಗೆ ವ್ಯತ್ಯಾಸ ಸಿಗಲಿಲ್ಲ. ನನ್ನವರನ್ನು ಕರೆದು ತೋರಿಸಿದೆ. ಅವರು ಎಡಗೈ ಚೆನ್ನಾಗಿದೆ ಅಂದರು, ಅವರಿಗೆ ಯಾವುದಕ್ಕೆ ಏನು ಹಚ್ಚಿದ್ದು ಅಂತ ಗೊತ್ತಿರಲಿಲ್ಲ. ಆದರೆ ಅತ್ತೆಗೆ ವ್ಯತ್ಯಾಸ ಸಿಕ್ಕಿತು. ರಾತ್ರಿ ಬಲಗೈಯನ್ನು ಮುಖದ ಹತ್ತಿರ ಇಟ್ಟುಕೊಂಡು ಮಲಗುವುದು ರೂಢಿಯಾಯಿತು. "ಎಡಗೈಗೂ ಇದನ್ನೇ ಹಚ್ಚು ಮಾರಾಯ್ತಿ, ಅದೇನು ಪಾಪ ಮಾಡಿದೆ?" ಅಂತ ಗಲಾಟೆ. ಪರಿಮಳದಿಂದ ಮನಸ್ಸಿಗೆ ಹಿತ, ಹಿತದಿಂದ ನಿದ್ದೆ. ಇಷ್ಟು ಲ್ಯಾವೆಂಡರಿನ ಪಾಲಿಗೆ ಬರೆಯಬಹುದು. ಚರ್ಮ ಮೆತ್ತಗಾದದ್ದು ತೆಂಗಿನೆಣ್ಣೆಯ ಪಾಲಿಗೆ.

ಕೊಳ್ಳುವಾಗ ಲೇಬಲ್ ನೋಡಿ. 'ಲ್ಯಾವಂಡುಲಾ ಆಂಗಸ್ಟಿಫೋಲಿಯಾ' ಅಂತ ಗಿಡದ ಪೂರ್ತಿ ಹೆಸರು ಇರಬೇಕು. 'ಫ್ರೇಗ್ರೆನ್ಸ್ ಆಯಿಲ್' ಅಂತ ಇದ್ದರೆ ಅದು ವಾಸನೆಗೆ ಮಾಡಿದ್ದು, ಚರ್ಮಕ್ಕೆ ಬೇಡ. 'ಲ್ಯಾವೆಂಡಿನ್' ಅಂದರೆ ಬೇರೆ ಮಿಶ್ರ ತಳಿ, ಕರ್ಪೂರದ ಅಂಶ ಜಾಸ್ತಿ. ಮನೆಯಲ್ಲಿ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಮಾರನೇ ದಿನ ನೋಡಿ. ಜಿಡ್ಡಿನ ಉಂಗುರ ಉಳಿದರೆ ಯಾವುದೋ ಅಡುಗೆ ಎಣ್ಣೆ ಸೇರಿದೆ ಅಂತ ಅರ್ಥ. ಇನ್ನೊಂದು, ಬಾಟಲಿ ತೆರೆದ ಮೇಲೆ ಗಾಳಿ ತಾಗಿ ತಾಗಿ ಲ್ಯಾವೆಂಡರ್ ಕೆಡುತ್ತದೆ. ಅದರ ಲಿನಲೂಲ್ ಎಂಬ ಅಂಶ ಗಾಳಿಯೊಡನೆ ಸೇರಿ ಅಲರ್ಜಿ ತರುವ ಬೇರೆ ವಸ್ತುವಾಗುತ್ತದೆ. ಟೀ ಟ್ರೀಗೂ ಇದೇ ರೋಗ. ಹಳೆಯದಾದಷ್ಟೂ ಒಳ್ಳೆಯದು ಅನ್ನಲು ಇದು ಮಾವಿನ ಮಿಡಿ ಉಪ್ಪಿನಕಾಯಿ ಅಲ್ಲ. ತೆರೆದ ತಾರೀಕು ಬರೆದು ಅಂಟಿಸಿ, ತಂಪಿನಲ್ಲಿಡಿ, ವರ್ಷ ದಾಟಿದರೆ ಚರ್ಮಕ್ಕೆ ಬೇಡ.

ಹೆಲಿಕ್ರೈಸಂ ಈ ಮೂರರಲ್ಲಿ ಮಹಾರಾಣಿ. 5 ಮಿಲಿಗೆ ನಾದಿನಿ ಎರಡೂವರೆ ಸಾವಿರದ ಮೇಲೆ ಕೊಟ್ಟಿದ್ದಳಂತೆ. ಮೆಡಿಟರೇನಿಯನ್ ಸಮುದ್ರದ ಸುತ್ತ, ಕಾರ್ಸಿಕಾ ದ್ವೀಪದ ಕಡೆ ಬೆಳೆಯುವ ಹಳದಿ ಹೂವು. ಒಣಗಿದರೂ ಬಣ್ಣ ಬಿಡುವುದಿಲ್ಲ ಅಂತ ಫ್ರೆಂಚರು ಅದನ್ನು 'ಸಾವಿಲ್ಲದ್ದು' ಅಂತ ಕರೆಯುತ್ತಾರೆ. ವಾಸನೆ ಮಾತ್ರ ವಿಚಿತ್ರ, ಹುಲ್ಲಿನ ಬಣವೆ ಮೇಲೆ ಜೋನಿ ಬೆಲ್ಲ ಚೆಲ್ಲಿದ ಹಾಗೆ. ಅತ್ತೆ ಮೂಗು ಮುಚ್ಚಿಕೊಂಡರು. ಪೆಟ್ಟಿನ ಕಪ್ಪು ಕಲೆ ಬೇಗ ಹೋಗುತ್ತದೆ ಅನ್ನುವುದು ಇದರ ದೊಡ್ಡ ಹೆಸರು. ಎರಡೂ ಮುಂಗೈಯಲ್ಲಿ ಹೆಚ್ಚುಕಮ್ಮಿ ಒಂದೇ ಗಾತ್ರದ ಎರಡು ನೇರಳೆ ಕಲೆ ಇದ್ದ ಹೊತ್ತು ನೋಡಿ ಒಂದಕ್ಕೆ ಹೆಲಿಕ್ರೈಸಂ, ಇನ್ನೊಂದಕ್ಕೆ ಬರೀ ತೆಂಗಿನೆಣ್ಣೆ ಹಚ್ಚಿದೆ. ಎರಡೂ ನೇರಳೆಯಿಂದ ಕಂದಾಗಿ, ಹಳದಿಯಾಗಿ, ಹದಿನಾರನೇ ದಿನಕ್ಕೆ ಒಟ್ಟೊಟ್ಟಿಗೇ ಮಾಯ. ಹಚ್ಚದೇ ಬಿಟ್ಟಿದ್ದರೂ ಅಷ್ಟೇ ದಿನ ಆಗುತ್ತಿತ್ತೇನೋ. ಒಬ್ಬರ ಕೈಯಲ್ಲಿ ಒಂದೇ ಸಲ ಮಾಡಿದ ಪರೀಕ್ಷೆ ಇದು, ಗೊತ್ತು. ಆದರೂ ನನ್ನ ದುಡ್ಡಿನಲ್ಲಿ ಮತ್ತೊಂದು ಬಾಟಲಿ ತರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಕಾಂಗ್ರೆಸ್ ಗಿಡ ತಾಗಿದರೆ ಮೈ ಕೆಂಪಾಗಿ ತುರಿಸುವವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ. ಕಾಂಗ್ರೆಸ್ ಗಿಡ, ಸೇವಂತಿಗೆ, ಕ್ಯಾಮೊಮೈಲ್, ಈ ಹೆಲಿಕ್ರೈಸಂ ಎಲ್ಲ ಒಂದೇ ಕುಟುಂಬ. ಕ್ಯಾಮೊಮೈಲ್ ಎಣ್ಣೆಯನ್ನು ತೆಳು ಚರ್ಮಕ್ಕೆ ಹೇಳಿ ಮಾಡಿಸಿದ್ದು ಅನ್ನುತ್ತಾರೆ. ಅತ್ತೆಗೆ ಹಿಂದೆ ಕಾಂಗ್ರೆಸ್ ಗಿಡದ ತುರಿಕೆ ಇದ್ದದ್ದು ನೆನಪಾಗಿ ಅದನ್ನು ತರಿಸಲೇ ಇಲ್ಲ. ಹೆಲಿಕ್ರೈಸಂ ಕೂಡ ಅದೇ ಸಂತತಿ ಅಂತ ತಿಳಿಯುವಷ್ಟರಲ್ಲಿ ಹಚ್ಚಿ ಆಗಿತ್ತು. ಏನೂ ಆಗಲಿಲ್ಲ, ನಮ್ಮ ಅದೃಷ್ಟ.

ಗಂಧದೆಣ್ಣೆ ಯಾಕೆ ಬಿಟ್ಟಿರಿ ಅಂತ ಕೇಳುವವರಿದ್ದಾರೆ. ಶಿವಮೊಗ್ಗದವರಾಗಿ ಕೇಳಲೇಬೇಕು ಅಲ್ವಾ, 1944ರಲ್ಲೇ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಶುರುವಾದ ಊರು. ಜಾತ್ರೆಯಲ್ಲಿ ಒಬ್ಬರ ಹತ್ತಿರ 'ಅಪ್ಪಟ ಗಂಧ' ಅಂತ ಇನ್ನೂರು ರೂಪಾಯಿಗೆ ತಂದೆ. ಮೊದಲ ದಿನ ಗಂಧ, ಎರಡನೇ ದಿನ ಅಗರಬತ್ತಿ, ಮೂರನೇ ದಿನ ಬರೀ ಜಿಡ್ಡು. ನಿಜವಾದ ಗಂಧದೆಣ್ಣೆ ಆ ಬೆಲೆಗೆ ಸಿಗುವುದುಂಟೇ? ಅತ್ತೆಯ ಕೈಗೆ ಅದನ್ನು ತಾಗಿಸಲೂ ಇಲ್ಲ. ನಿಂಬೆ, ಕಿತ್ತಳೆ ಜಾತಿಯವನ್ನೂ ಕೈಬಿಟ್ಟೆ. ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗಬಹುದು. ಅತ್ತೆ ಅಂಗಳದಲ್ಲಿ ಅಡಿಕೆ ಕಾಯುವವರು.

ಇನ್ನು ಜಿಡ್ಡಿನ ಜಗಳ. ನನ್ನ ಪ್ರಕಾರ ಅಸಲು ಸ್ಪರ್ಧೆ ಇದೇ. ಆಸ್ಟ್ರೇಲಿಯಾದ ವೃದ್ಧರ ಆರೈಕೆ ಮನೆಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಿನಕ್ಕೆ ಎರಡು ಸಲ ಕೈಕಾಲಿಗೆ ಮಾಯಿಶ್ಚರೈಸರ್ ಹಚ್ಚಿಸಿಕೊಂಡವರಲ್ಲಿ ಚರ್ಮ ಕಿತ್ತು ಬರುವುದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ದಿನಕ್ಕೆ ಎರಡು ಸಲ ಅನ್ನುವುದನ್ನು ನಾನು ಅಲ್ಲಿಂದಲೇ ಹಿಡಿದುಕೊಂಡದ್ದು.

ತೆಂಗಿನೆಣ್ಣೆ ಸುಲಭ, ಅಗ್ಗ, ಬೇಗ ಹರಡುತ್ತದೆ. ಆದರೆ ಬೇಗ ಒರೆಸಿಯೂ ಹೋಗುತ್ತದೆ, ಅರ್ಧ ಸೀರೆಗೆ, ಅರ್ಧ ಬೆಕ್ಕಿಗೆ. ವ್ಯಾಸಲೀನ್ ಚೆನ್ನಾಗಿ ಕೂರುತ್ತದೆ, ವಾಸನೆ ಇಲ್ಲ, ಅಲರ್ಜಿ ತೀರಾ ಅಪರೂಪ. ಗುಣದಲ್ಲಿ ಇದಕ್ಕೇ ಮೊದಲ ಅಂಕ ಕೊಡಬೇಕು. ಅತ್ತೆಗೆ ಮಾತ್ರ ಆಗಿ ಬರಲಿಲ್ಲ. "ಗಾಡಿ ಚಕ್ರಕ್ಕೆ ಕೀಲೆಣ್ಣೆ ಹಾಕಿದ ಹಾಗೆ" ಅಂದುಬಿಟ್ಟರು.

ಮುರುಗಲ ತುಪ್ಪ ಗೊತ್ತಲ್ಲ, ಹಿಮ್ಮಡಿ ಒಡೆದರೆ ಹಚ್ಚುತ್ತಿದ್ದದ್ದು. ಬೀಜದಿಂದ ತೆಗೆದದ್ದು, ಮೇಣದ ಹಾಗೆ ಗಟ್ಟಿ, 40 ಡಿಗ್ರಿ ಹತ್ತಿರ ಬಂದರೆ ಕರಗುತ್ತದೆ. ಹಾಗೇ ಉಜ್ಜಿದರೆ ಹಿಮ್ಮಡಿಗೆ ಸರಿ, ಅತ್ತೆಯ ಕೈಗೆ ಅಲ್ಲ. ಉಜ್ಜುವುದೇ ಈ ಚರ್ಮಕ್ಕೆ ಶತ್ರು. ಗಟ್ಟಿ ತುಪ್ಪ ಚರ್ಮವನ್ನು ಎಳೆಯುತ್ತದೆ. ಅದಕ್ಕೇ ಮೂರು ಚಮಚ ತೆಂಗಿನೆಣ್ಣೆಗೆ ಒಂದು ಚಮಚ ಮುರುಗಲ ತುಪ್ಪ ಹಾಕಿ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದೆ. ಉಗುರುಬೆಚ್ಚಗಾದ ಮೇಲೆ ಎರಡು ಹನಿ ಲ್ಯಾವೆಂಡರ್. ಬಿಸಿ ಇರುವಾಗಲೇ ಹಾಕಿದರೆ ಪರಿಮಳ ಅಡುಗೆಮನೆಗೆ, ಡಬ್ಬಿಗೆ ಏನೂ ಉಳಿಯದು. ಆರಿದ ಮೇಲೆ ಬೆಣ್ಣೆಯ ಹದ ಬಂತು. ಅಂಗೈಯಲ್ಲಿ ಮೊದಲು ಕರಗಿಸಿಕೊಂಡು, ರೋಮ ಮಲಗುವ ದಿಕ್ಕಿಗೆ ಮೆಲ್ಲಗೆ ಸವರುವುದು. ತಿಕ್ಕುವುದಿಲ್ಲ. ತೆಂಗಿನೆಣ್ಣೆಗಿಂತ ಜಾಸ್ತಿ ಹೊತ್ತು ಕೂರುತ್ತದೆ, ವ್ಯಾಸಲೀನಿನಷ್ಟು ಅಂಟುವುದಿಲ್ಲ. ಚಳಿಗಾಲದಲ್ಲಿ ಹದ ಗಟ್ಟಿಯಾಗುತ್ತದೆ, ಆಗ ಮುರುಗಲ ತುಪ್ಪವನ್ನು ಅರ್ಧ ಚಮಚಕ್ಕೆ ಇಳಿಸಿ, ತೆಂಗಿನೆಣ್ಣೆಯನ್ನು ಅರ್ಧ ಚಮಚ ಏರಿಸಿಕೊಳ್ಳಿ.

ಪಾದಕ್ಕೆ ಹಚ್ಚುವುದಾದರೆ ಹಾಸಿಗೆಗೆ ಬಂದ ಮೇಲೆ ಹಚ್ಚಿ ಕಾಲುಚೀಲ ಹಾಕಿ. ನಮ್ಮ ಹಳೇ ಮನೆಗಳ ಕೆಂಪು ಗಾರೆ ನೆಲದ ಮೇಲೆ ಎಣ್ಣೆ ಪಾದ ಇಟ್ಟರೆ ಸೊಂಟ ಮುರಿದೀತು. ಬಚ್ಚಲ ಹಂಡೆಯ ಸುಡುನೀರನ್ನೂ ಕಡಿಮೆ ಮಾಡಿಸಬೇಕು. ಹಾಗೆ ಸುರಿದುಕೊಂಡರೆ ಚರ್ಮದಲ್ಲಿದ್ದ ಜಿಡ್ಡೆಲ್ಲ ಇಳಿದು ಹೋಗುತ್ತದೆ. ಇದಕ್ಕೆ ಅತ್ತೆಯನ್ನು ಒಪ್ಪಿಸಲು ನನಗೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು.

ಶ್ರಾವಣದಲ್ಲಿ ಒಂದು ದಿನ ಹಿತ್ತಿಲ ಗೇಟಿಗೆ ತಾಗಿ ಎರಡು ಇಂಚು ಚರ್ಮ ಕಾಗದದ ಹಾಗೆ ಮಡಚಿಕೊಂಡಿತು. ನಾದಿನಿ ಫೋನಿನಲ್ಲಿ, "ಲ್ಯಾವೆಂಡರ್ ಹಚ್ಚಿ ಅತ್ತಿಗೆ" ಅಂದಳು. ಹಚ್ಚಲಿಲ್ಲ. ತೆರೆದ ಗಾಯಕ್ಕೆ ಈ ಬಾಟಲಿಗಳಲ್ಲಿ ಒಂದೂ ಬೇಡ, ಮುರುಗಲ ತುಪ್ಪವೂ ಬೇಡ. ಬಟ್ಟೆ ಒತ್ತಿ ರಕ್ತ ನಿಲ್ಲಿಸಿ, ಶುದ್ಧ ನೀರಿನಲ್ಲಿ ತೊಳೆದು, ಮಡಚಿದ ಚರ್ಮವನ್ನು ಒದ್ದೆ ಹತ್ತಿಯಿಂದ ಮೆಲ್ಲಗೆ ಅದರ ಜಾಗಕ್ಕೆ ಸರಿಸಿ, ಅಂಟದ ಡ್ರೆಸ್ಸಿಂಗ್ ಇಟ್ಟು ಸಡಿಲವಾಗಿ ಸುತ್ತಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಂಟುವ ಪ್ಲಾಸ್ಟರ್ ಮಾತ್ರ ಹಾಕಲೇಬಾರದು, ತೆಗೆಯುವಾಗ ಪಕ್ಕದ ಚರ್ಮವೂ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಂತೂ ಮನೆಯಲ್ಲೇ ನೋಡುತ್ತಾ ಕೂರಬಾರದು.

ಈಗ ಅತ್ತೆಯ ಮಂಚದ ಪಕ್ಕ ಒಂದೇ ಡಬ್ಬಿ ಇದೆ. ಬೆಣ್ಣೆ ಹದದ ಮಿಶ್ರಣ, ಮುಚ್ಚಳದ ಮೇಲೆ ತಾರೀಕು. ಹೊರಗೆ ಹೊರಟರೆ ನನ್ನವರ ಹಳೇ ಸ್ವೆಟರಿನ ತೋಳು ಕತ್ತರಿಸಿ ಮಾಡಿದ ಕೈಗವಸು ಎರಡೂ ಕೈಗೆ ಏರಿಸಿಕೊಳ್ಳುತ್ತಾರೆ. ಹೆಲಿಕ್ರೈಸಂ ಬಾಟಲಿ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಕೂತಿದೆ, ಇನ್ನೂ ಮುಕ್ಕಾಲು ತುಂಬಿದೆ. ನಾದಿನಿ ಬಂದಾಗ ತೋರಿಸಬೇಕಲ್ಲ.