ಗಾಂಧಿನಗರದ ವಕೀಲರ ಕಚೇರಿ: ಕೆಲಸ ಹೋದ ಕೋ-ಪೈಲಟ್ ಒಬ್ಬನ ಅನುಭವ

ಐದರಲ್ಲಿ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅನ್ನೋದನ್ನು ಆಮೇಲೆ ಹೇಳುತ್ತೇನೆ. ಕಚೇರಿ ಇರುವುದು ಬಳ್ಳಾರಿಯ ಗಾಂಧಿನಗರದಲ್ಲಿ, ಮೊದಲ ಮಹಡಿ. ಹೆಸರು ಹಾಕುತ್ತಿಲ್ಲ, ಯಾಕಂದರೆ ವಕೀಲರು ಜಾಹೀರಾತು ಮಾಡಿಕೊಳ್ಳುವಂತಿಲ್ಲ ಎಂಬ ಬಾರ್ ಕೌನ್ಸಿಲ್ ನಿಯಮ ಇದೆ, ಹೆಸರು ಬೇಡ ಎಂದು ಮೇಡಂ ಅವರೇ ಹೇಳಿದರು. ಯಾವ ವಕೀಲರ ಹತ್ತಿರ ಹೋದರೂ ಏನು ಕೇಳಬೇಕು ಅಂತ ಗೊತ್ತಿರಲಿ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯವನು. ಗಣಿ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ ಊರಿನ ಮೇಲೆ ಹೆಲಿಕಾಪ್ಟರ್ ಹಾರುವುದನ್ನು ನೋಡಿ ಪೈಲಟ್ ಆಗಬೇಕು ಅಂದುಕೊಂಡವನು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಸಾಲುಸಾಲು ಲಾರಿ ನಿಂತವು, ಡ್ರೈವರ್, ಕ್ಲೀನರ್‌ಗಳ ಕೆಲಸ ಹೋಗಿದ್ದು ಎಲ್ಲರಿಗೂ ಕಂಡಿತು. ಆ ಹೆಲಿಕಾಪ್ಟರ್ ಓಡಿಸುತ್ತಿದ್ದವರು ಎಲ್ಲಿ ಹೋದರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನಿದ್ದದ್ದು ಬೇರೆ ರಾಜ್ಯದ ಒಂದು ಸಣ್ಣ ಚಾರ್ಟರ್ ಕಂಪನಿಯಲ್ಲಿ, ಅಂದರೆ ವಿಮಾನವನ್ನು ಬಾಡಿಗೆಗೆ ಓಡಿಸುವವರು. ಒಟ್ಟು 11 ಪೈಲಟ್‌ಗಳು. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಉಸಿರಾಡಲೂ ಬಿಡುವಿಲ್ಲದಷ್ಟು ಹಾರಿದೆವು. ಚುನಾವಣೆ ಮುಗಿಯಿತು, ಬುಕಿಂಗ್ ಬಿತ್ತು, ಒಂದು ವಿಮಾನ ಮಾರಿದರು. ಮೊದಲು ಸಂಬಳದಲ್ಲಿ ಶೇ 40 ಕಡಿತ, ಅದೂ ಎರಡೇ ತಿಂಗಳಿಗೆ ಅಂದರು. ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಮೇಲ್ ಬಂತು, ನಾಳೆಯಿಂದ ಬರಬೇಡಿ ಅಂತ. ನೋಟಿಸ್ ತಿಂಗಳ ಸಂಬಳವೂ ಇಲ್ಲ. ಮೇಲಿಂದ, ಜೆಟ್‌ನ ಟೈಪ್ ರೇಟಿಂಗ್‌ಗೆ (ಆ ಮಾದರಿ ವಿಮಾನ ಓಡಿಸಲು ಬೇಕಾದ ಅರ್ಹತೆ) ಖರ್ಚು ಮಾಡಿದ್ದೇವೆ, ಮೂರು ವರ್ಷದ ಬಾಂಡ್‌ನಲ್ಲಿ ಇನ್ನೂ ನಾಲ್ಕು ತಿಂಗಳು ಉಳಿದಿದೆ, ಆ ದುಡ್ಡು ಕಟ್ಟಿ, ಆಮೇಲೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಡುತ್ತೇವೆ ಅಂದರು. ಎನ್‌ಒಸಿ ಇಲ್ಲದೆ ಮುಂದಿನ ಕಂಪನಿ ತೆಗೆದುಕೊಳ್ಳಲ್ಲ. ಪೈಲಟ್ ಮನೆಯಲ್ಲಿ ಕೂತರೆ ಬರೀ ಸಂಬಳ ಹೋಗುವುದಲ್ಲ. 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು, ಆರು ತಿಂಗಳಿಗೊಮ್ಮೆ ಹಾರಾಟದ ಪರೀಕ್ಷೆ ಕೊಡಬೇಕು, ನಾನು ಓಡಿಸುವ ಜೆಟ್‌ಗೆ ಸಿಮ್ಯುಲೇಟರ್ ವಿದೇಶದಲ್ಲಿದೆ, ಆ ಖರ್ಚೆಲ್ಲ ಸ್ವಂತ ಜೇಬಿನಿಂದ.

ನಮ್ಮಪ್ಪ ಬಸ್ ಡಿಪೋದಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು. ಮೇಲ್ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ: "ನಿಮ್ಮ ಸಂಘದವರು ಏನಂದ್ರು?" ಸಂಘ ಇಲ್ಲ ಅಂದೆ. ಅವರು ಅದನ್ನು ನಂಬಲೇ ಇಲ್ಲ. ಮರುದಿನ ಬೆಳಿಗ್ಗೆ ಈ ಕಚೇರಿಗೆ ಕರೆದುಕೊಂಡು ಹೋದರು. ಸಸ್ಪೆಂಡ್ ಆಗಿದ್ದ ಅವರ ಡಿಪೋದ ಕಂಡಕ್ಟರ್ ಒಬ್ಬರನ್ನು ವಾಪಸ್ ಕೆಲಸಕ್ಕೆ ಸೇರಿಸಿದ್ದು ಇದೇ ಮೇಡಂ.

ಮೇಡಂಗೆ ವಿಮಾನದ ವಿಷಯ ಗೊತ್ತಿರಲಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರು, ನನಗೆ ಅದೇ ಹಿಡಿಸಿತು. 14 ಪುಟದ ಕಾಂಟ್ರಾಕ್ಟ್ ಅನ್ನು ಪೆನ್ಸಿಲ್ ಹಿಡಿದು ಒಂದೂವರೆ ಗಂಟೆ ಓದಿದರು. ನಾನು ಸಹಿ ಮಾಡುವಾಗ ಹತ್ತು ನಿಮಿಷವೂ ಓದಿರಲಿಲ್ಲ. ಏರ್‌ಲೈನ್ ಬಿಡುವ ಕಮಾಂಡರ್ (ಮುಖ್ಯ ಪೈಲಟ್) 1 ವರ್ಷ, ಕೋ-ಪೈಲಟ್ 6 ತಿಂಗಳು ಮುಂಚೆ ನೋಟಿಸ್ ಕೊಡಬೇಕು ಅಂತ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ 2017ರಲ್ಲಿ ನಿಯಮ ಮಾಡಿದೆ. ನಮ್ಮ ಕಂಪನಿ ಅದನ್ನೇ ಕಾಂಟ್ರಾಕ್ಟ್‌ಗೆ ಹಾಕಿಕೊಂಡಿತ್ತು. ನಾನು ಬಿಡುವುದಾದರೆ 6 ತಿಂಗಳು, ಅವರು ತೆಗೆಯುವುದಾದರೆ 30 ದಿನ. ಆ ಎರಡು ಸಾಲಿಗೂ ಮೇಡಂ ಗೆರೆ ಎಳೆದರು.

ಆಮೇಲೆ ಕೇಳಿದರು: "ನೀವು ಯಾರಿಗಾದ್ರೂ ರಜೆ ಮಂಜೂರು ಮಾಡ್ತೀರಾ? ಯಾರನ್ನಾದ್ರೂ ಕೆಲಸಕ್ಕೆ ತಗೋತೀರಾ, ತೆಗೀತೀರಾ?" ಇಲ್ಲ ಅಂದೆ. "ಹಾಗಾದ್ರೆ ನೀವು ಕಾರ್ಮಿಕರೇ." ಸಂಬಳ ಎಷ್ಟಿದೆ, ಭುಜದ ಮೇಲೆ ಎಷ್ಟು ಪಟ್ಟಿ ಇದೆ ಅನ್ನೋದರಿಂದ ಇದು ತೀರ್ಮಾನ ಆಗಲ್ಲ, ಮಾಡುವ ಕೆಲಸ ಏನು ಅಂತ ಕೋರ್ಟ್ ನೋಡುತ್ತದೆ, ಪೈಲಟ್ ಕೂಡ ಕಾರ್ಮಿಕ ಎಂದು ದೆಹಲಿ ಹೈಕೋರ್ಟ್ ಹೇಳಿದೆ ಅಂತ ವಿವರಿಸಿದರು. ಆಗ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಅದರ ಪ್ರಕಾರ ವರ್ಷ ಪೂರೈಸಿದವರನ್ನು ತೆಗೆಯಲು ಒಂದು ತಿಂಗಳ ನೋಟಿಸ್ ಅಥವಾ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಆರು ತಿಂಗಳು ದಾಟಿದ ಭಾಗವೂ ಒಂದು ವರ್ಷವೇ. ನನ್ನದು 2 ವರ್ಷ 8 ತಿಂಗಳು, ಅಂದರೆ 45 ದಿನ. ಕೊನೆಗೆ ಬಂದವರನ್ನು ಮೊದಲು ಕಳಿಸಬೇಕು ಅಂತಲೂ ಇದೆ. ನಮ್ಮಲ್ಲಿ ನನಗಿಂತ ಎಂಟು ತಿಂಗಳು ತಡವಾಗಿ ಸೇರಿದವರನ್ನು ಉಳಿಸಿಕೊಂಡಿದ್ದರು. (2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 15 ದಿನದ ಲೆಕ್ಕ ಅದರಲ್ಲೂ ಇದೆ.)

ಹೊರಡುವಾಗ ಕೇಳಿದರು, ಪೈಲಟ್‌ಗಳು ಎಷ್ಟು ಜನ ಇದ್ದಿರಿ ಅಂತ. 11 ಅಂದೆ. "ಏಳು ಜನ ಸಾಕಿತ್ತಲ್ಲಪ್ಪಾ." ಆಗ ಜಾರಿಯಲ್ಲಿದ್ದ 1926ರ ಕಾರ್ಮಿಕ ಸಂಘಗಳ ಕಾನೂನಿನಲ್ಲಿ ನಮ್ಮಂಥ ಸಣ್ಣ ಕಂಪನಿಯಲ್ಲಿ ಸಂಘ ನೋಂದಾಯಿಸಲು ಏಳು ಜನ ಸಾಕಿತ್ತಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಯಾಕೆ ಆಗಲಿಲ್ಲ ಅಂತ ತುಂಬಾ ಯೋಚಿಸಿದ್ದೇನೆ. 2009ರಲ್ಲಿ ಜೆಟ್ ಏರ್‌ವೇಸ್ ಪೈಲಟ್‌ಗಳು ಸಂಘ ಕಟ್ಟಿದಾಗ ಇಬ್ಬರನ್ನು ವಜಾ ಮಾಡಿದರು, ನೂರಾರು ಪೈಲಟ್‌ಗಳು ಐದು ದಿನ ಸಿಕ್ ಲೀವ್ ಹಾಕಿದರು, ಇಬ್ಬರೂ ವಾಪಸ್ ಬಂದರು. ಅಲ್ಲಿ ನೂರಾರು ಜನ. ನಾವು 11 ಜನ ನಾಲ್ಕು ಊರಲ್ಲಿ ಇದ್ದೆವು, ಒಬ್ಬರ ಸಂಬಳ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಎಲ್ಲರೂ ಸೀದಾ ಮಾಲೀಕರ ಜೊತೆಗೇ ಮಾತಾಡುವವರು. ಈ ಕ್ಷೇತ್ರ ಸಣ್ಣದು, ಒಬ್ಬ ಮಾಲೀಕರಿಗೆ ಬೇಡವಾದವನು ಎಲ್ಲರಿಗೂ ಬೇಡವಾಗುತ್ತಾನೆ ಎಂಬ ಭಯ. ಆ ಭಯ ಸುಳ್ಳು ಅಂತ ನಾನು ಹೇಳಲ್ಲ.

ಸಂಘ ಇದ್ದರೆ ಕೆಲಸ ಹೋಗುವುದೇ ಇಲ್ಲ ಅಂತಲೂ ಅಲ್ಲ. ಅಮೆರಿಕದಲ್ಲಿ 2008ರ ಕುಸಿತದ ಹೊತ್ತಿಗೆ ಮೂರು ದೊಡ್ಡ ಕಾರು ಕಂಪನಿಗಳ ಮುಖ್ಯಸ್ಥರು ಸರ್ಕಾರದ ನೆರವು ಕೇಳಲು ಖಾಸಗಿ ಜೆಟ್‌ನಲ್ಲೇ ಬಂದು ಬೈಸಿಕೊಂಡರು, ಆಮೇಲೆ ಜೆಟ್ ಇಟ್ಟುಕೊಳ್ಳುವುದೇ ಕಂಪನಿಗಳಿಗೆ ಮುಜುಗರ ಆಯಿತು. ಅಲ್ಲಿನ ಖಾಸಗಿ ಜೆಟ್ ಕಂಪನಿ ನೆಟ್‌ಜೆಟ್ಸ್ 2010ರಲ್ಲಿ 495 ಪೈಲಟ್‌ಗಳನ್ನು ಮನೆಗೆ ಕಳಿಸಿತು. ಅವರಿಗೆ ತಮ್ಮದೇ ಸಂಘ ಇತ್ತು. ಆದರೆ ಸರ್ವಿಸ್ ಕಡಿಮೆ ಇದ್ದವರಿಂದ ಶುರು ಮಾಡಿ ಸಾಲಾಗಿ ಕಳಿಸಿದರು, ವ್ಯವಹಾರ ಚಿಗುರಿದಾಗ ಅವರನ್ನೇ ವಾಪಸ್ ಕರೆದರು. ನನಗೆ ಬಂದದ್ದು ಒಂದು ಮೇಲ್.

ಕೆಲಸ ಏನಾಯಿತು ಅಂದರೆ: ಮೇಡಂ ಒಂದು ವಾರ ತೆಗೆದುಕೊಂಡು ಡಿಜಿಸಿಎ ನಿಯಮ ಓದಿ ಕಂಪನಿಗೆ ಮೂರು ಪುಟದ ಲೀಗಲ್ ನೋಟಿಸ್ ಕಳಿಸಿದರು. ನೀವೇ ತೆಗೆದುಹಾಕಿದ ಮೇಲೆ ಬಾಂಡ್ ದುಡ್ಡು ಕೇಳುವುದು ಹೇಗೆ ಅಂತ ಅದರಲ್ಲಿ ಮುಖ್ಯ ಪ್ರಶ್ನೆ. ಐದು ತಿಂಗಳು ಹಿಡಿಯಿತು. ಎನ್‌ಒಸಿ ಬಂತು, ನಾನು ಕೊಟ್ಟಿದ್ದ ಖಾಲಿ ಚೆಕ್ ವಾಪಸ್ ಬಂತು, ನೋಟಿಸ್ ತಿಂಗಳು ಮತ್ತು 45 ದಿನದ ಸಂಬಳ ಬಂತು. ಕೆಲಸ ವಾಪಸ್ ಬರಲಿಲ್ಲ. ಅದಕ್ಕೆ ಕೇಸ್ ಹಾಕಬೇಕಿತ್ತು. "ಹಾಕೋದಾದ್ರೆ ಕಂಪನಿ ಇರೋ ಊರಲ್ಲೇ ಹಾಕಿ, ಅಲ್ಲಿನ ವಕೀಲರನ್ನೇ ಹಿಡೀರಿ, ಸುಮ್ನೆ ನಿಮ್ಮ ದುಡ್ಡು ಓಡಾಟಕ್ಕೆ ಹೋಗೋದು ಬೇಡ" ಅಂದರು. ಫೀಸು ಮೊದಲ ಭೇಟಿಗೆ 1,500, ನೋಟಿಸ್‌ಗೆ 6,000. ಮಧ್ಯೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ.

ಕಡಿಮೆಯಾದ ಸ್ಟಾರ್ ಸಮಯದ್ದು. 11ಕ್ಕೆ ಬನ್ನಿ ಅಂದರೆ ಕೋರ್ಟ್ ಮುಗಿಸಿ 12:30ಕ್ಕೆ ಬರುತ್ತಾರೆ. ಬಳ್ಳಾರಿ ಬಿಸಿಲಲ್ಲಿ ಆ ಮೆಟ್ಟಿಲ ಮೇಲೆ ಕೂತು ಕಾಯುವುದು ಕಷ್ಟ, ವಯಸ್ಸಾದವರಿಗೆ ಇನ್ನೂ ಕಷ್ಟ. ಫೋನ್ ಎತ್ತುವುದಿಲ್ಲ, ಗುಮಾಸ್ತರಿಗೆ ಹೇಳಿ ಬರಬೇಕು. ಸಂಜೆ 6ರ ಮೇಲೆ ಹೋಗಿ, ಆಗ ನಿಧಾನವಾಗಿ ಮಾತಾಡುತ್ತಾರೆ. ಆಫರ್ ಲೆಟರ್, ಕಾಂಟ್ರಾಕ್ಟ್, ಬಾಂಡ್, ಸಂಬಳದ ಸ್ಲಿಪ್, ಲಾಗ್‌ಬುಕ್ ನಕಲು ಒಯ್ಯಿರಿ. ಮೇಲ್‌ಗಳನ್ನು ಪ್ರಿಂಟ್ ಹಾಕಿಸಿ, ಮೊಬೈಲ್‌ನಲ್ಲಿ ತೋರಿಸಿದರೆ ಅವರು ಓದಲ್ಲ.

ಹಳೆಯ ಕಂಪನಿಯ ಗೆಳೆಯರಿಬ್ಬರು ಹೊಸ ಕಡೆ ಸೇರುವ ಮುಂಚೆ ತಮ್ಮ ಕಾಂಟ್ರಾಕ್ಟ್ ನನಗೆ ಕಳಿಸಿದ್ದಾರೆ. ಶನಿವಾರ ಸಂಜೆಗೆ ಮೇಡಂ ಹತ್ತಿರ ಟೈಮ್ ತೆಗೆದುಕೊಂಡಿದ್ದೇನೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ.