ವೈಟ್ ಆಲ್ಬಂ, ಎ ನೈಟ್ ಅಟ್ ದಿ ಒಪೆರಾ: ಅಕ್ಕಪಕ್ಕ ಇಟ್ಟು ಕೇಳಿದಾಗ

1968ರ ನವೆಂಬರ್‌ನಲ್ಲಿ ಹೊರಬಂದ ಬೀಟಲ್ಸ್ ತಂಡದ ಜೋಡಿ ಆಲ್ಬಂಗೆ ತಂಡದ ಹೆಸರೇ ಹೆಸರು. ಆದರೆ ಹೊದಿಕೆ ಬರಿಯ ಬಿಳಿಯಾದ್ದರಿಂದ ಎಲ್ಲರೂ ಅದನ್ನು ‘ವೈಟ್ ಆಲ್ಬಂ’ ಎಂದೇ ಕರೆಯುತ್ತಾರೆ. ಕ್ವೀನ್ ತಂಡದ ‘ಎ ನೈಟ್ ಅಟ್ ದಿ ಒಪೆರಾ’ ಬಂದದ್ದು 1975ರ ನವೆಂಬರ್‌ನಲ್ಲಿ. ಒಂದು ರಾಕ್ ತಂಡ ಎಷ್ಟು ಬಗೆಯ ಸಂಗೀತಕ್ಕೆ ಕೈ ಹಾಕಬಲ್ಲದು ಎಂಬುದಕ್ಕೆ ಎರಡೂ ಒಳ್ಳೆಯ ಉದಾಹರಣೆಗಳು. ಇವುಗಳಲ್ಲಿ ಯಾವುದು ಹೆಚ್ಚು ಸಫಲ ಎಂದು ತಿಳಿಯಲು, ಒಂದೇ ಜಾತಿಯ ಹಾಡುಗಳನ್ನು ಜೋಡಿ ಮಾಡಿಕೊಂಡು, ಮೂರು ವಾರ ರಾತ್ರಿ ಊಟವಾದ ಮೇಲೆ ಒಂದೇ ಹೆಡ್‌ಫೋನಿನಲ್ಲಿ ಕೇಳಿದೆ.

ಮೊದಲ ಜೋಡಿಯಲ್ಲೇ ವ್ಯತ್ಯಾಸ ಸ್ಪಷ್ಟವಾಯಿತು. ತಂದೆಯ ತಲೆಮಾರಿನ ಮ್ಯೂಸಿಕ್ ಹಾಲ್ (ಬ್ರಿಟನ್ನಿನ ಹಳೆಯ ರಂಗಮನರಂಜನೆ) ಶೈಲಿಯಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಾಡಿದ ‘ಹನಿ ಪೈ’ಗೆ ಸ್ಯಾಕ್ಸೊಫೋನ್ ಮತ್ತು ಕ್ಲಾರಿನೆಟ್ ವಾದಕರನ್ನೇ ಕರೆಸಿ ನುಡಿಸಲಾಗಿದೆ, ಆರಂಭದ ಒಂದು ಸಾಲಿಗೆ ಮಾತ್ರ ಹಳೆಯ ಗ್ರಾಮಫೋನ್ ತಟ್ಟೆಯ ಕರಕರ ಸದ್ದನ್ನು ಬೆರೆಸಲಾಗಿದೆ. ಅಂಥದೇ ಹಳೆಯ ಕಾಲವನ್ನು ಕ್ವೀನ್ ತಂಡ ತನ್ನ ಕೈಯಿಂದಲೇ ಕಟ್ಟುತ್ತದೆ. ‘ಲೇಜಿಂಗ್ ಆನ್ ಎ ಸಂಡೇ ಆಫ್ಟರ್‌ನೂನ್’ನಲ್ಲಿ ಫ್ರೆಡ್ಡಿ ಮರ್ಕ್ಯುರಿಯವರ ದನಿಯನ್ನು ಒಂದು ಹೆಡ್‌ಫೋನಿಗೆ ಹರಿಸಿ, ಆ ಹೆಡ್‌ಫೋನನ್ನು ತಗಡಿನ ಡಬ್ಬಿಯೊಳಗಿಟ್ಟು, ಅಲ್ಲಿಂದ ಹೊರಟ ದನಿಯನ್ನು ಮತ್ತೆ ಮೈಕಿನಲ್ಲಿ ಹಿಡಿದಿದ್ದಾರೆ. ‘ಗುಡ್ ಕಂಪನಿ’ಯಲ್ಲಿ ಕೇಳುವ ಜಾಝ್ ಮೇಳವಂತೂ ಪೂರ್ತಿಯಾಗಿ ಬ್ರಯಾನ್ ಮೇ ಅವರ ಗಿಟಾರ್, ಅದೂ ಅವರು ಹುಡುಗನಾಗಿದ್ದಾಗ ತಂದೆಯ ಜೊತೆ ಮನೆಯಲ್ಲೇ ಮಾಡಿಕೊಂಡದ್ದು. ಟ್ರೊಂಬೋನಿನ ಜಾರು ಸ್ವರವೆಂದು ನಾನು ನಂಬಿದ್ದು ತಂತಿಯ ಮೇಲಿನ ಬೆರಳು ಎಂದು ಒಪ್ಪಿಕೊಳ್ಳಲು ನಾಲ್ಕೈದು ಸಲ ಕೇಳಬೇಕಾಯಿತು. ಈ ಬಗೆಯಲ್ಲಿ ಕ್ವೀನ್ ಮುಂದಿದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಮೆಲುದನಿಯ ಹಾಡುಗಳಿಗೆ ಬಂದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ವೈಟ್ ಆಲ್ಬಂನ ‘ಬ್ಲ್ಯಾಕ್‌ಬರ್ಡ್’ನಲ್ಲಿರುವುದು ಒಂದು ಗಿಟಾರ್, ಒಂದು ದನಿ, ನೆಲಕ್ಕೆ ತಟ್ಟುವ ಪಾದ ಮತ್ತು ಒಂದು ಹಕ್ಕಿಯ ಕೂಗು, ಅಷ್ಟೇ. ಈ ಆಲ್ಬಂನ ಹಲವು ಹಾಡುಗಳು 1968ರ ಆರಂಭದಲ್ಲಿ ಹೃಷಿಕೇಶದ ಆಶ್ರಮದಲ್ಲಿ ಹುಟ್ಟಿದಂಥವು. ಅಲ್ಲಿ ಗಾಯಕ ಡೊನೊವನ್ ಹೇಳಿಕೊಟ್ಟ ಬೆರಳಿನ ಮೀಟು ಜಾನ್ ಲೆನನ್ ಅವರ ‘ಜೂಲಿಯಾ’ದಲ್ಲಿ ಹಾಗೆಯೇ ಕೇಳಿಸುತ್ತದೆ. ಕ್ವೀನ್‌ನ ‘ಲವ್ ಆಫ್ ಮೈ ಲೈಫ್’ ಸುಂದರವಾಗಿದೆ, ಆದರೆ ಅದರ ಹಾರ್ಪ್, ಅದರ ಪದರಪದರದ ದನಿಗಳು ನಮ್ಮನ್ನು ಹಾಡುವವರಿಂದ ಒಂದಿಷ್ಟು ದೂರ ಕೂರಿಸುತ್ತವೆ.

ಉದ್ದದ ವಿಷಯದಲ್ಲಿ ವೈಟ್ ಆಲ್ಬಂ ಕೇಳುಗರ ತಾಳ್ಮೆಯನ್ನು ಬೇಡುತ್ತದೆ. 30 ಹಾಡು, ಸುಮಾರು 93 ನಿಮಿಷ. ಇದನ್ನು ಒಂದೇ ತಟ್ಟೆಗೆ ಇಳಿಸಬೇಕೆಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೇ ಬಯಸಿದ್ದರು. ತಂಡ ಒಳಗೊಳಗೇ ಒಡೆಯುತ್ತಿದ್ದ ಕಾಲವದು. ರಿಂಗೋ ಸ್ಟಾರ್ ಮುನಿಸಿಕೊಂಡು ಹೊರನಡೆದಿದ್ದಾಗ ಆಲ್ಬಂನ ಮೊದಲೆರಡು ಹಾಡುಗಳು ಅವರಿಲ್ಲದೆಯೇ ಧ್ವನಿಮುದ್ರಣಗೊಂಡವು. ಹಾಗಾಗಿ ಇಲ್ಲಿನ ವೈವಿಧ್ಯ ನಾಲ್ವರು ನಾಲ್ಕು ದಿಕ್ಕಿಗೆ ಹೊರಟದ್ದರ ಫಲ. ಕ್ವೀನ್‌ನ 12 ಹಾಡುಗಳು ಸುಮಾರು 43 ನಿಮಿಷದಲ್ಲಿ ಮುಗಿಯುತ್ತವೆ. ಬರೆದವರು ಬೇರೆಬೇರೆಯಾದರೂ ಎಲ್ಲಕ್ಕೂ ಅದೇ ಗಿಟಾರ್, ಅದೇ ಮೇಳದನಿಗಳ ಮುದ್ರೆಯಿದೆ. ಕೊನೆಯಲ್ಲಿ, ಕಛೇರಿಯ ಮಂಗಳದಂತೆ, ಬ್ರಿಟನ್ನಿನ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿ ಮುಗಿಸುತ್ತಾರೆ. ಒಂದೇ ಕೂರಿನಲ್ಲಿ ಕೇಳಲು ನಾನು ಇದನ್ನೇ ಆರಿಸುತ್ತೇನೆ.

ಕೊನೆಯ ಜೋಡಿ ಅತ್ಯಂತ ದಿಟ್ಟ ಹಾಡುಗಳದ್ದು. ‘ಬೊಹೀಮಿಯನ್ ರಾಪ್ಸಡಿ’ಯ ಒಪೆರಾ ಭಾಗಕ್ಕಾಗಿ ಕ್ವೀನ್‌ನ ಮೂವರು ತಮ್ಮ ದನಿಗಳನ್ನೇ ಮತ್ತೆಮತ್ತೆ ಪೇರಿಸಿ ಗಾಯಕರ ಒಂದು ಸಭೆಯನ್ನೇ ಸೃಷ್ಟಿಸಿದ್ದಾರೆ, ಮೊದಲ ರಾತ್ರಿಯೇ ಅದು ನನ್ನನ್ನು ಗೆದ್ದಿತು. ತುಣುಕು ಟೇಪುಗಳನ್ನು ಅಂಟಿಸಿ ಮಾಡಿದ, ವೈಟ್ ಆಲ್ಬಂನ ‘ರೆವಲ್ಯೂಷನ್ 9’ ಅನ್ನು ಮೊದಲೆರಡು ವಾರ ನಾನು ದಾಟಿಸಿಬಿಡುತ್ತಿದ್ದೆ. ಎಂಟು ನಿಮಿಷ ಮೀರಿದ ಆ ಗದ್ದಲ ಅಡಗಿದ ಮೇಲೆ ರಿಂಗೋ ವಾದ್ಯವೃಂದದೊಂದಿಗೆ ‘ಗುಡ್ ನೈಟ್’ ಎಂಬ ಜೋಗುಳವನ್ನು ಹಾಡುತ್ತಾರೆ. ಗದ್ದಲವನ್ನು ಪೂರ್ತಿ ಕೇಳಿದ ರಾತ್ರಿಗಳಲ್ಲಿ ಮಾತ್ರ ಆ ಜೋಗುಳ ನಿಜವಾಗಿ ತಂಪೆರೆಯಿತು. ಮೂರನೆಯ ವಾರದಲ್ಲಿ ಒಮ್ಮೆಯೂ ನಾನು ಆ ಗದ್ದಲವನ್ನು ದಾಟಿಸಲಿಲ್ಲ.