ಸೀಸದ ಕೋವಿಗುಂಡು ಗುರುತಿಸಲು ಕ್ಯಾಲಿಪರ್‌ಗಿಂತ ಜೇಬು ತಕ್ಕಡಿಯೇ ಮೇಲು

ಮೆಟಲ್ ಡಿಟೆಕ್ಟರ್‌ಗೆ ಸಿಕ್ಕ ಹಳೆಯ ಕಾಲದ ದುಂಡನೆಯ ಸೀಸದ ಗುಂಡು ಯಾವ ಕೋವಿಯದೆಂದು ತಿಳಿಯಲು ಹೆಚ್ಚಿನವರು ಕೊಳ್ಳುವುದು ಎರಡು ಸಾಮಾನು: ದವಡೆಗಳ ನಡುವೆ ಹಿಡಿದು ವ್ಯಾಸ ಅಳೆಯುವ, ಪ್ಲಾಸ್ಟಿಕ್ ದವಡೆಯ 150 ಮಿ.ಮೀ. ಡಿಜಿಟಲ್ ಕ್ಯಾಲಿಪರ್, 0.01 ಗ್ರಾಂವರೆಗೆ ತೋರಿಸುವ 200 ಗ್ರಾಂ ಜೇಬು ತಕ್ಕಡಿ. ಒಂದನ್ನೇ ಕೊಳ್ಳುವುದಾದರೆ ತಕ್ಕಡಿ ಕೊಳ್ಳಿ.

ಹಾರಿಸಿದ ಗುಂಡು ಬಡಿದಲ್ಲಿ ಚಪ್ಪಟೆಯಾಗಿರುತ್ತದೆ. ಅದರ ವ್ಯಾಸ ಅಳೆದು ಉಪಯೋಗವಿಲ್ಲ, ಚೂರು ಹಾರಿಹೋಗಿರದಿದ್ದರೆ ತೂಕ ಮಾತ್ರ ಹಾಗೇ ಉಳಿದಿರುತ್ತದೆ. ಗ್ರಾಂ ತೂಕದ ಘನಮೂಲವನ್ನು 5.52ರಿಂದ ಗುಣಿಸಿ, ಮೂಲ ವ್ಯಾಸ ಮಿ.ಮೀ.ನಲ್ಲಿ ಬರುತ್ತದೆ. 31.8 ಗ್ರಾಂ ತೂಗಿದರೆ ಸುಮಾರು 17.5 ಮಿ.ಮೀ., ಅಂದರೆ ಬ್ರಿಟಿಷರ ಬ್ರೌನ್ ಬೆಸ್ ಕೋವಿಯ ಗುಂಡಿನ ಅಳತೆ. ಅನೇಕರು ಎಡವಿ ಇದನ್ನು ಫ್ರೆಂಚರ ಗುಂಡು ಎನ್ನುವುದು ಇಲ್ಲೇ. ಫ್ರೆಂಚರ ಶಾರ್ಲ್‌ವಿಲ್ ಕೋವಿಯ ನಳಿಗೆಯ ಒಳವ್ಯಾಸವೂ ಸುಮಾರು 17.5 ಮಿ.ಮೀ. ಆದರೆ ಗುಂಡು ನಳಿಗೆಗಿಂತ ಸಣ್ಣದಿರಲೇಬೇಕು, ಇಲ್ಲದಿದ್ದರೆ ಮದ್ದಿನ ಕರಿ ಕಟ್ಟಿದ ನಳಿಗೆಯೊಳಕ್ಕೆ ಇಳಿಯುವುದಿಲ್ಲ. ಶಾರ್ಲ್‌ವಿಲ್ ಗುಂಡು 16 ಮಿ.ಮೀ. ಆಸುಪಾಸು, 25 ಗ್ರಾಂ ಹತ್ತಿರ. ಬ್ರೌನ್ ಬೆಸ್‌ನ ನಳಿಗೆ ಸುಮಾರು 19 ಮಿ.ಮೀ.

ತಕ್ಕಡಿಯ ದೋಷಗಳು ಸಣ್ಣವು. ಗಾಳಿ ಬೀಸಿದರೆ ಅಂಕಿ ನಿಲ್ಲುವುದಿಲ್ಲ, ಬಿಸಿಲಲ್ಲಿಟ್ಟರೆ ಸೊನ್ನೆ ಸರಿಯುತ್ತದೆ. 100 ಗ್ರಾಂ ಬಟ್ಟಿನಿಂದ ಆಗಾಗ ಸರಿಪಡಿಸಿಕೊಳ್ಳಬೇಕು. ಗುಳಿಗಳಲ್ಲಿ ಕೂತ ಮಣ್ಣನ್ನು ನೀರಿನಲ್ಲಿ ನೆನೆಸಿ ತೆಗೆದು, ಒಣಗಿಸಿ ತೂಗಿ.

ಕ್ಯಾಲಿಪರ್‌ನ ಪ್ಲಾಸ್ಟಿಕ್ ದವಡೆ ಮೆತ್ತನೆಯ ಸೀಸವನ್ನು ಗೀರುವುದಿಲ್ಲ, ಅದೊಂದು ಗುಣ. ಒತ್ತಿದರೆ ಬಾಗಿ ಅಳತೆ ಕಡಿಮೆ ತೋರಿಸುತ್ತದೆ, ಹಾಗಾಗಿ ಪರದೆಯ ಎರಡನೇ ದಶಾಂಶ ಬರೀ ಅಲಂಕಾರ. ಅಚ್ಚಿನ ಗೆರೆ ಮತ್ತು ಎರಕದ ಬಾಲ (ಸೀಸ ಸುರಿದ ಕಡೆ ಉಳಿದ ಮೊನೆ) ಬಿಟ್ಟು ಮೂರು ಕಡೆ ಅಳೆಯಿರಿ. ಬಟನ್ ಸೆಲ್ ಆಫ್ ಮಾಡಿದರೂ ಸವೆಯುತ್ತದೆ, ತೆಗೆದಿಡುವುದು ಮೇಲು.

ದುಂಡಗೆ ಉಳಿದ ಗುಂಡಿಗೆ ಮಾತ್ರ ಎರಡೂ ಬೇಕು. ಅಳತೆ 17.5 ಮಿ.ಮೀ. ಇದ್ದು ತೂಕ 29 ಗ್ರಾಂ ಬಂದರೆ ತವರ ಬೆರೆತಿರಬೇಕು, ಇಲ್ಲವೇ ಎರಕದೊಳಗೆ ಗಾಳಿಗುಳ್ಳೆ ಇರಬೇಕು.

ಇನ್ನು ಕಣ್ಣಿಗೇ ಬಿಟ್ಟ ಕೆಲಸಗಳಿವೆ. ಹಲವು ಬದಿಗಳಲ್ಲಿ ಚಪ್ಪಟೆ ಗುಳಿ ಕಂಡರೆ, ಫಿರಂಗಿಯಿಂದ ಗೊಂಚಲಾಗಿ ಹಾರಿ ಒಂದಕ್ಕೊಂದು ಒತ್ತಿಕೊಂಡ ಗುಂಡು ಇರಬಹುದು. ನಡುವೆ ತೂತಿದ್ದರೆ ಮೀನುಬಲೆಯ ಭಾರವೆಂದು ಮೊದಲು ಅನುಮಾನಿಸಿ. ಹಲ್ಲಿನ ಗುರುತುಗಳನ್ನು ಕಂಡು ಗಾಯಾಳು ಸೈನಿಕ ಕಚ್ಚಿದ್ದು ಎನ್ನುವ ಕಥೆ ಕಟ್ಟುವವರಿದ್ದಾರೆ, ಅನೇಕ ಸಲ ಕಚ್ಚಿದ್ದು ಹಂದಿ.

ಗುಂಡಿನ ಮೇಲಿನ ಬಿಳಿಚು ಕಂದು ಪೊರೆಯನ್ನು ಉಜ್ಜಬೇಡಿ, ವಿನೆಗರ್ ಹತ್ತಿರಕ್ಕೂ ತರಬೇಡಿ. ಓಕ್ ಮರದ ಪೆಟ್ಟಿಗೆಯಿಂದ ಹೊಮ್ಮುವ ಆಮ್ಲದ ಆವಿಯೂ ಸೀಸವನ್ನು ತಿನ್ನುತ್ತದೆ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ತಕ್ಕಡಿಯ ತಟ್ಟೆಯನ್ನೂ.